ಕಿಂಡಿಗೆ ಬೆನ್ನು ಹಾಕಿ ನಿಂತವರು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಆರಂಭವಾಗುವ ಹೊತ್ತಿಗೆ ಪತ್ರಿಕೆಗಳಲ್ಲಿ ಪ್ರವಾಸದ ಪುಟ ಬರುವುದು ವಾಡಿಕೆ. ಈ ಸಲ ತಮ್ಮ ಪತ್ರಿಕೆಯಲ್ಲಿಯೂ ಬಂದಿತ್ತು. ಉಡುಪಿ ಮತ್ತು ಮಂಗಳೂರಿನ ಸುತ್ತಮುತ್ತ ಒಂದು ದಿನದಲ್ಲಿ ನೋಡಿ ಮುಗಿಸಬಹುದಾದ ಸ್ಥಳಗಳ ಆ ಪಟ್ಟಿಯಲ್ಲಿ ಶ್ರೀಕೃಷ್ಣ ಮಠ, ಮಲ್ಪೆಯ ಕಡಲತೀರ, ಕದ್ರಿ ದೇವಸ್ಥಾನ, ಪಿಲಿಕುಳದ ಮೃಗಾಲಯ ಎಲ್ಲವೂ ಒಂದರ ಕೆಳಗೊಂದರಂತೆ, ಒಂದೇ ಅಳತೆಯ ಚಿತ್ರಗಳೊಂದಿಗೆ ಅಚ್ಚಾಗಿದ್ದವು. ಬಸ್ ನಿಲ್ದಾಣದಿಂದ ಎಷ್ಟು ದೂರ, ವಾಹನ ನಿಲ್ಲಿಸಲು ಜಾಗವಿದೆಯೇ, ಊಟ ಎಲ್ಲಿ ಚೆನ್ನಾಗಿದೆ ಎಂಬ ಉಪಯುಕ್ತ ವಿವರಗಳೂ ಇದ್ದವು. ಆದರೆ ಇವುಗಳಲ್ಲಿ ಕೆಲವು ಜನರು ಕೈ ಮುಗಿಯುವ ಜಾಗಗಳು, ಅಲ್ಲಿಗೆ ಹೋಗುವ ರೀತಿಯೇ ಬೇರೆ ಎಂಬ ಒಂದು ಮಾತು ಮಾತ್ರ ಇರಲಿಲ್ಲ. ಆ ಪುಟವನ್ನು ಬರೆದವರನ್ನು ದೂರುವ ಉದ್ದೇಶ ನನಗಿಲ್ಲ. ಕೃಷ್ಣ ಮಠದ ರಥಬೀದಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಮೂವತ್ತು ವರ್ಷಗಳಿಂದ ವಾಸವಾಗಿರುವ, ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿರುವ ನನಗೆ ಆ ಬಿಟ್ಟುಹೋದ ಮಾತನ್ನು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ತುಸು ಉದ್ದವಾದೀತು, ಕ್ಷಮೆಯಿರಲಿ.

ಕಳೆದ ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಕೃಷ್ಣ ಮಠದ ಹೊರಗೋಡೆಯಲ್ಲಿರುವ ಕನಕನ ಕಿಂಡಿಯ ಮುಂದೆ ನಿಂತಿದ್ದೆ. ನನ್ನ ಮುಂದೆ ಹಾವೇರಿ ಕಡೆಯವರೆಂದು ಮಾತಿನಿಂದ ತಿಳಿಯುತ್ತಿದ್ದ ವಯಸ್ಸಾದ ಗಂಡ ಹೆಂಡತಿ ಇದ್ದರು. ಗಂಡನ ಹೆಗಲ ಮೇಲೆ ಕರಿಯ ಕಂಬಳಿ, ತಲೆಗೆ ರುಮಾಲು. ಅವರಿಗಿಂತ ಮುಂದೆ ನಾಲ್ಕು ಮಂದಿ ತರುಣರು ಕಿಂಡಿಗೆ ಬೆನ್ನು ಹಾಕಿ, ಮೊಬೈಲನ್ನು ಕೈಯಳತೆಯಲ್ಲಿ ಎತ್ತಿ ಹಿಡಿದು, ಒಬ್ಬರಾದ ಮೇಲೆ ಒಬ್ಬರಂತೆ ಚಿತ್ರ ತೆಗೆದುಕೊಳ್ಳುತ್ತಿದ್ದರು. ಒಂದು ಚಿತ್ರದಲ್ಲಿ ಕಣ್ಣು ಮುಚ್ಚಿತೆಂದು ಮತ್ತೊಂದು, ಬಿಸಿಲು ಅಡ್ಡ ಬಂತೆಂದು ಇನ್ನೊಂದು. ಐದಾರು ನಿಮಿಷವಾದರೂ ಆ ಹಿರಿಯರು ತುಟಿ ಪಿಟಕ್ಕೆನ್ನಲಿಲ್ಲ. ತರುಣರು ಚಿತ್ರಗಳನ್ನು ನೋಡಿಕೊಳ್ಳುತ್ತ ಹೊರಟುಹೋದರು. ನಾಲ್ವರಲ್ಲಿ ಒಬ್ಬನೂ ತಿರುಗಿ ಕಿಂಡಿಯೊಳಗೆ ಇಣುಕಲಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಕಣ್ಣಾರೆ ಕಂಡೆ. ಬಳಿಕ ಆ ಹಿರಿಯರು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು, ಕಿಂಡಿಯ ಬಳಿ ಬಾಗಿದರು. ಸ್ವಲ್ಪ ಹೊತ್ತು ಅಲುಗಾಡಲಿಲ್ಲ. ಹಿಂದೆ ಸರಿಯುವಾಗ ದೇವರಿಗೆ ಬೆನ್ನು ತೋರದೆ ಮೂರು ಹೆಜ್ಜೆ ಹಿಂದಕ್ಕೇ ಇಟ್ಟರು. ಹೆಂಡತಿ ಮೆಲ್ಲನೆ ‘ಕಂಡನೇನ್ರೀ?’ ಎಂದು ಕೇಳಿದರು. ಅವರಿಗೆ ಮಾತು ಹೊರಡಲಿಲ್ಲ, ತಲೆಯಾಡಿಸಿದರು.

‘ಕಂಡನೇನ್ರೀ’ ಎಂಬ ಆ ಒಂದು ಮಾತು ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ. ‘ನೋಡಿದಿರಾ’ ಎಂದು ಆಕೆ ಕೇಳಲಿಲ್ಲ. ನಾನು ನೋಡಿದೆ ಎಂದಾಗ ಕೆಲಸ ಮಾಡುವವನು ನಾನು. ದೇವರು ಕಂಡ ಎಂದಾಗ ಕರ್ತೃಪದ ದೇವರದು, ಕಾಣಿಸಿಕೊಳ್ಳುವುದು ಬಿಡುವುದು ಅವನ ಇಚ್ಛೆ. ನಮ್ಮ ಹಿರಿಯರು ‘ದೇವರನ್ನು ನೋಡಿ ಬಂದೆ’ ಎನ್ನುತ್ತಿರಲಿಲ್ಲ, ‘ದರ್ಶನವಾಯಿತು’ ಎನ್ನುತ್ತಿದ್ದರು. ದೇವರ ಮುಂದೆ ಇಡುವುದಕ್ಕೆ ಕಾಣಿಕೆ ಎಂಬ ಹೆಸರು ಬಂದದ್ದೂ ಈ ‘ಕಾಣು’ ಧಾತುವಿನಿಂದಲೇ. ಹಿರಿಯರನ್ನು ಕಾಣಲು ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ, ಒಂದು ಬಾಳೆಹಣ್ಣನ್ನಾದರೂ ಕೊಂಡೊಯ್ಯುತ್ತಾರೆ. ಕಡಲತೀರವನ್ನು ನೋಡಲು ಹೋಗುವವರಿಗೆ ಆ ಕಟ್ಟುಪಾಡಿಲ್ಲ. ಪುಣ್ಯಸ್ಥಳವನ್ನು ಪ್ರೇಕ್ಷಣೀಯ ಸ್ಥಳಗಳ ಪಟ್ಟಿಗೆ ಸೇರಿಸಿದಾಗ ಕಾಣುವುದು ಹೋಗಿ ಬರೀ ನೋಡುವುದಷ್ಟೇ ಉಳಿದುಬಿಡುತ್ತದೆ ಎಂಬುದು ನನ್ನ ಅಳಲು.

ಕನಕದಾಸರ ಕಥೆಯನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಹುಟ್ಟಿದ ಕುಲದ ಕಾರಣಕ್ಕೆ ಒಳಗೆ ಪ್ರವೇಶ ದೊರೆಯದೆ ಹೊರಗೆ ನಿಂತು ಹಾಡಿದ ಭಕ್ತನಿಗಾಗಿ ಕೃಷ್ಣ ಪಶ್ಚಿಮಕ್ಕೆ ತಿರುಗಿದ, ಗೋಡೆ ಬಿರಿಯಿತು ಎಂಬ ನಂಬಿಕೆ ತಲೆಮಾರುಗಳಿಂದ ಬಂದಿದೆ. ಕಥೆಯನ್ನು ಹೇಗಾದರೂ ಅರ್ಥೈಸಿಕೊಳ್ಳಲಿ, ಇಂದಿಗೂ ಉಡುಪಿಯ ಕೃಷ್ಣ ಪಶ್ಚಿಮಾಭಿಮುಖನಾಗಿದ್ದಾನೆ, ಒಳಗೆ ಹೋದವರೂ ಬಾಗಿಲಿನಿಂದಲ್ಲ, ಒಂಬತ್ತು ರಂಧ್ರಗಳ ನವಗ್ರಹ ಕಿಂಡಿಯ ಮೂಲಕವೇ ಅವನನ್ನು ಕಾಣುತ್ತಾರೆ. ಕಿಂಡಿಯ ಆಚೆ ದೀಪದ ಬೆಳಕು ಮಾತ್ರ. ಬಿಸಿಲಿನಿಂದ ಬಂದವರ ಕಣ್ಣಿಗೆ ಮೊದಲು ಕತ್ತಲೆಯಲ್ಲದೆ ಬೇರೇನೂ ತೋರದು. ಅವಸರದಲ್ಲಿರುವವರು ಅಷ್ಟಕ್ಕೇ ‘ಸರಿಯಾಗಿ ಕಾಣಿಸಲಿಲ್ಲ’ ಎಂದು ಮುಂದೆ ಸಾಗುತ್ತಾರೆ. ಒಂದಿಷ್ಟು ತಾಳ್ಮೆಯಿಂದ ನಿಂತರೆ ಕಣ್ಣು ಪಳಗುತ್ತದೆ. ಮೊದಲು ಆಭರಣದ ಮಿನುಗು, ಆಮೇಲೆ ಮುಖ, ಆಮೇಲೆ ಬಲಗೈಯ ಕಡಗೋಲು, ಎಡಗೈಯ ಹಗ್ಗ. ಮೊಸರು ಕಡೆಯುವ ಮನೆಯ ಮಗುವಿನಂತೆ ನಿಂತಿರುವ ಆ ಸಣ್ಣ ಮೂರ್ತಿಯನ್ನು ಕಾಣುವುದಕ್ಕೆ ಬೇಕಾಗುವ ಆ ಕೆಲವು ಕ್ಷಣಗಳನ್ನು ಕೊಡಲಾರದಷ್ಟು ಅವಸರವಿದ್ದರೆ ಬರುವುದಾದರೂ ಏಕೆ? 2019ರಲ್ಲಿ ಗರ್ಭಗುಡಿಯ ಮಾಡಿಗೆ ಚಿನ್ನದ ಹೊದಿಕೆಯಾದ ಮೇಲೆ ನಮ್ಮ ಮನೆಗೆ ಬರುವ ನೆಂಟರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೆಜಿ ಚಿನ್ನ?’ ಎಂಬುದು. ದಿನಕ್ಕೆ ಹದಿನಾಲ್ಕು ಪೂಜೆಗಳು ನಡೆಯುವ ಸನ್ನಿಧಿಯಲ್ಲಿ ಈಗ ಯಾವ ಪೂಜೆಯ ಹೊತ್ತು ಎಂದು ಕೇಳಿದವರು ಬೆರಳೆಣಿಕೆಯಷ್ಟು.

ಬೇರೆಯವರ ಮಾತು ಆಡುವಾಗ ನನ್ನ ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಕಾರ್ಕಳ ಮತ್ತು ಮೂಡುಬಿದಿರೆಗೆ ಶೈಕ್ಷಣಿಕ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಹೊರಡುವ ಮೊದಲೇ ಒಂದು ಪ್ರಶ್ನಾವಳಿ ಸಿದ್ಧಪಡಿಸಿ ಎಲ್ಲರ ಕೈಗೆ ಕೊಟ್ಟಿದ್ದೆ. ಕಾರ್ಕಳದ ಗೊಮ್ಮಟನ ಎತ್ತರವೆಷ್ಟು, ನಿಲ್ಲಿಸಿದವರು ಯಾರು, ಯಾವ ವರ್ಷ. ಸಾವಿರ ಕಂಬದ ಬಸದಿ ಕಟ್ಟಿದ್ದು ಯಾವಾಗ, ಅಂತಸ್ತುಗಳೆಷ್ಟು. ಮಕ್ಕಳು ಚುರುಕಾಗಿ 42 ಅಡಿ, ವೀರಪಾಂಡ್ಯ, 1432 ಎಂದು ಬರೆದರು. ಮೂಡುಬಿದಿರೆಯಲ್ಲಿ 1430, ಮೂರು ಅಂತಸ್ತು ಎಂದು ಬರೆದು, ಕಂಬ ಎಣಿಸುವ ಸ್ಪರ್ಧೆಗೆ ಇಳಿದರು. ಒಳಗೆ ತೀರ್ಥಂಕರ ಚಂದ್ರನಾಥ ಸ್ವಾಮಿಯ ಎದುರು ಬಿಳಿ ಸೀರೆಯುಟ್ಟ ಅಜ್ಜಿಯೊಬ್ಬರು ಕುಳಿತು ಪೂಜೆಗಾಗಿ ಅಕ್ಕಿಯನ್ನು ಸಣ್ಣ ಸಣ್ಣ ರಾಶಿಗಳಾಗಿ ಇಡುತ್ತಿದ್ದರು. ನನ್ನ ವಿದ್ಯಾರ್ಥಿನಿಯೊಬ್ಬಳು ಹತ್ತಿರ ಬಂದು ‘ಟೀಚರ್, ಆ ಅಜ್ಜಿ ಏನು ಲೆಕ್ಕ ಮಾಡ್ತಿದ್ದಾರೆ?’ ಎಂದು ಕೇಳಿದಳು. ಬೆಳಗಿನಿಂದ ಎಣಿಸುವುದನ್ನಷ್ಟೇ ಹೇಳಿಕೊಟ್ಟಿದ್ದ ನನಗೆ ಮಗುವಿನ ಪ್ರಶ್ನೆಯಲ್ಲಿ ನನ್ನ ಪಾಠವೇ ತಿರುಗಿ ಕೇಳಿಸಿತು. ಆ ಅಜ್ಜಿಯ ಸುತ್ತ ನಮ್ಮ ನಲವತ್ತು ಮಕ್ಕಳು ಗದ್ದಲ ಮಾಡುತ್ತ ಓಡಾಡುತ್ತಿದ್ದುದು ಆಗಲೇ ನನ್ನ ಗಮನಕ್ಕೆ ಬಂದದ್ದು. ಮುಂದಿನ ವರ್ಷದಿಂದ ಪ್ರವಾಸದ ಕ್ರಮ ಬದಲಾಯಿಸಿದೆ: ಒಳಗೆ ಹೋದ ಮೊದಲ ಹತ್ತು ನಿಮಿಷ ಯಾರೂ ಪುಸ್ತಕ ತೆರೆಯುವಂತಿಲ್ಲ, ಪಕ್ಕದವರೊಡನೆ ಮಾತಾಡುವಂತಿಲ್ಲ, ಸುಮ್ಮನೆ ನಿಲ್ಲಬೇಕು ಅಥವಾ ಕೂರಬೇಕು. ಇಸವಿ, ಎತ್ತರ ಎಲ್ಲ ಆಮೇಲೆ. ಹೀಗೆ ಮಾಡಿದ್ದರಿಂದ ಪರೀಕ್ಷೆಯಲ್ಲಿ ಯಾವ ಮಗುವಿನ ಅಂಕವೂ ಕಡಿಮೆಯಾಗಲಿಲ್ಲ.

ಇದು ನಂಬುವವರಿಗಷ್ಟೇ ಹೇಳುವ ಮಾತಲ್ಲ. ನನ್ನ ಸಹೋದ್ಯೋಗಿಯಾಗಿದ್ದ ಕೊಂಕಣಿ ಮಾತೃಭಾಷೆಯ ಕ್ರೈಸ್ತ ಗೆಳತಿಯೊಬ್ಬರು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ನನ್ನನ್ನು ಒಮ್ಮೆ ಕರೆದೊಯ್ದರು. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ ಸುಮಾರು ಎರಡು ವರ್ಷ ದುಡಿದು ಗೋಡೆ ಮತ್ತು ಛಾವಣಿಯನ್ನೆಲ್ಲ ಚಿತ್ರಗಳಿಂದ ತುಂಬಿದ ಆ ಮಂದಿರವನ್ನು ಪ್ರವೇಶಿಸಿದರೆ ಯಾರ ಕತ್ತಾದರೂ ತಾನಾಗಿ ಮೇಲಕ್ಕೆ ಏಳುತ್ತದೆ. ನನ್ನದೂ ಎದ್ದಿತ್ತು. ಗೆಳತಿ ಮಾತ್ರ ಬಾಗಿಲ ಬಳಿಯ ತೀರ್ಥದಲ್ಲಿ ಬೆರಳು ಅದ್ದಿ ಶಿಲುಬೆಯ ಗುರುತು ಮಾಡಿಕೊಂಡು, ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿ ಕುಳಿತುಬಿಟ್ಟರು. ನಾನೂ ಪಕ್ಕದಲ್ಲಿ ಸುಮ್ಮನೆ ಕುಳಿತೆ. ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಒಂದೊಂದು ಚಿತ್ರವನ್ನೂ ತೋರಿಸುತ್ತ, ಅದರ ಹಿಂದಿನ ಕಥೆಯನ್ನು ಪಿಸುಮಾತಿನಲ್ಲಿ ಹೇಳಿದರು. ಅವರ ನಂಬಿಕೆ ನನ್ನದಲ್ಲ, ಆದರೂ ಆ ಹತ್ತು ನಿಮಿಷ ಅವರ ಪಕ್ಕದಲ್ಲಿ ಕೂತಿದ್ದರಿಂದ ಆ ಚಿತ್ರಗಳು ನನಗೆ ಬೇರೆಯೇ ಆಗಿ ಕಂಡವು. ಅಂದು ಅವರು ಪ್ರಾರ್ಥಿಸುತ್ತಿದ್ದ ಬೆಂಚನ್ನು ಸುತ್ತುವರಿದು ಗಟ್ಟಿಯಾಗಿ ವಿವರಣೆ ಕೊಡುತ್ತಿದ್ದ ಗುಂಪೊಂದು ಇತ್ತು ಎಂಬುದನ್ನೂ ಹೇಳಬೇಕು.

ನಮ್ಮ ಕಡೆಯ ಪುಣ್ಯಸ್ಥಳಗಳ ಬಾಗಿಲಲ್ಲಿ ನೀರು ಇರುವುದನ್ನು ಗಮನಿಸಿದ್ದೀರಾ? ಕೃಷ್ಣ ಮಠಕ್ಕೆ ಮಧ್ವ ಸರೋವರ. ಮಂಗಳೂರಿನ ಕದ್ರಿಯಲ್ಲಿ ಗೋಮುಖದಿಂದ ಸದಾ ಸುರಿಯುವ ತೀರ್ಥ ಮತ್ತು ಅದರಿಂದ ತುಂಬುವ ಕೆರೆಗಳು. ಮಸೀದಿಯಲ್ಲಿ ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆದು ವುಜೂ ಮಾಡುವ ನೀರು. ಇಗರ್ಜಿಯ ಬಾಗಿಲಲ್ಲಿ ಪವಿತ್ರ ತೀರ್ಥ. ತುಳುನಾಡಿನ ಹಳೆಯ ಮನೆಗಳಲ್ಲಿಯೂ ಬಂದವರಿಗೆ ಮೊದಲು ಕಾಲಿಗೆ ಒಂದು ಚೆಂಬು ನೀರು, ಆಮೇಲೆ ಬಾಯಿಗೆ ಬೆಲ್ಲ ನೀರು, ಅನಂತರವೇ ಮಾತುಕತೆ. ಬಂದವರು ದಾರಿಯ ದೂಳನ್ನೂ ದಾರಿಯ ಗಡಿಬಿಡಿಯನ್ನೂ ಅಲ್ಲಿಯೇ ಬಿಟ್ಟು ಒಳಗೆ ಬರಲಿ ಎಂಬ ಏರ್ಪಾಡು ಅದು. ಈಗ ಕದ್ರಿಯ ಕೆರೆಗಳ ಮೆಟ್ಟಿಲುಗಳ ಮೇಲೆ ಕಾಲು ತೊಳೆಯುವವರಿಗಿಂತ ಕೂತು ಚಿತ್ರ ತೆಗೆಸಿಕೊಳ್ಳುವವರೇ ಹೆಚ್ಚು. ಒಳಗೆ ಮೂರು ಮುಖ, ಆರು ಕೈಗಳ, ಬೌದ್ಧ ಮೂಲದವನೆನ್ನಲಾಗುವ ಕಂಚಿನ ಲೋಕೇಶ್ವರ ಇದ್ದಾನೆ. ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಸಾವಿರ ವರ್ಷಕ್ಕೂ ಹಿಂದೆ, ಆ ಊರಿನಲ್ಲಿ ಬೌದ್ಧ, ನಾಥ, ಶೈವ ದಾರಿಗಳು ಒಂದರ ಪಕ್ಕ ಒಂದು ಸಾಗಿದ ಕಾಲದ ಸಾಕ್ಷಿ ಅದು. ಅದರ ಎದುರು ಅರೆಗಳಿಗೆ ನಿಲ್ಲದೆ ಗುಡ್ಡದ ಮೇಲಿನ ಪಾಂಡವರ ಗುಹೆ ಎಲ್ಲಿ ಎಂದು ವಿಚಾರಿಸುತ್ತ ಓಡುವವರನ್ನು ಕಂಡಾಗ ನಿಜವಾಗಿಯೂ ಸಂಕಟವಾಗುತ್ತದೆ.

ಮಂಗಳೂರಿನ ಕುದ್ರೋಳಿ ದೇವಸ್ಥಾನದ ವಿಷಯವೂ ಹೀಗೆಯೇ. ದಸರಾ ಸಮಯದ ದೀಪಾಲಂಕಾರ ನೋಡಲು ಲಕ್ಷಾಂತರ ಜನರು ಬರುತ್ತಾರೆ, ಬರಲಿ. ಜಾತ್ರೆ ಇರುವುದೇ ನೋಡುವುದಕ್ಕೆ, ಸಂತೋಷಪಡುವುದಕ್ಕೆ. ಆದರೆ ಬೇರೆ ದೇವಾಲಯಗಳ ಬಾಗಿಲು ಮುಚ್ಚಿದ್ದ ಸಮುದಾಯಕ್ಕೆ ತನ್ನದೇ ಗುಡಿ ಇರಲೆಂದು 1912ರಲ್ಲಿ ನಾರಾಯಣ ಗುರುಗಳು ಅಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು ಎಂಬುದನ್ನು ಆ ಬೆಳಕಿನ ನಡುವೆ ನಿಂತ ಎಷ್ಟು ಮಂದಿ ತಮ್ಮ ಮಕ್ಕಳಿಗೆ ಹೇಳುತ್ತಾರೆ? ಉಡುಪಿಯ ಕಿಂಡಿಯಲ್ಲಿಯೂ ಕುದ್ರೋಳಿಯ ಗುಡಿಯಲ್ಲಿಯೂ ಹೊರಗೆ ನಿಲ್ಲಿಸಲ್ಪಟ್ಟವರ ನೋವಿದೆ. ಅದನ್ನು ಅರಿಯದೆ ಒಳಗೆ ಕಾಲಿಡುವುದು ಆ ನೋವಿಗೆ ತೋರುವ ಅಗೌರವ ಎಂದೇ ನನ್ನ ಭಾವನೆ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದು ದೈವಸ್ಥಾನಗಳಲ್ಲಿ. ಕೆಲವು ವರ್ಷಗಳಿಂದ ನೇಮ, ಕೋಲ ಎಂಬ ದೈವಾರಾಧನೆಗಳನ್ನು ನೋಡಲು ದೂರದ ಊರುಗಳಿಂದ ಬರುವವರ ಸಂಖ್ಯೆ ಬಹಳ ಏರಿದೆ. ಅವರಲ್ಲಿ ನಿಜವಾದ ಕುತೂಹಲದಿಂದ, ಗೌರವದಿಂದ ಬಂದವರನ್ನೂ ಕಂಡಿದ್ದೇನೆ. ಆದರೆ ದೈವ ಕಟ್ಟುವವರು ಬಣ್ಣಕ್ಕೆ ಕೂತಿರುವಾಗ ಮುಖದ ಒಂದು ಗೇಣು ದೂರಕ್ಕೆ ಮೊಬೈಲು ತರುವುದು, ಗಗ್ಗರವೆಂಬ ಕಾಲ್ಗಡಗ ಸ್ವೀಕರಿಸುವ ಗಳಿಗೆಯಲ್ಲಿ ಫ್ಲ್ಯಾಶ್ ಹೊಡೆಯುವುದು, ದೈವ ನುಡಿ ಕೊಡುತ್ತಿರುವಾಗ ಯಾರದೋ ಮನೆಯ ಕಷ್ಟದ ಮಾತನ್ನು ಮುದ್ರಿಸಿಕೊಂಡು ಊರಿಗೆಲ್ಲ ಹಂಚುವುದು, ದೈವದ ಕೂಗನ್ನು ಅನುಕರಿಸಿ ವಿಡಿಯೋ ಮಾಡುವುದು ಇವನ್ನು ಸಹಿಸುವುದು ಕಷ್ಟ. ಆ ಕುಟುಂಬದವರು ಆ ದಿನಕ್ಕಾಗಿ ವ್ರತ ಹಿಡಿದಿರುತ್ತಾರೆ. ದೈವದ ಎದುರು ಜಮೀನಿನ ವಿವಾದ, ಅಣ್ಣ ತಮ್ಮಂದಿರ ಮನಸ್ತಾಪ, ಮಗುವಿನ ಕಾಯಿಲೆ ಎಲ್ಲವನ್ನೂ ಬಿಚ್ಚಿಡುತ್ತಾರೆ. ನಮ್ಮ ಸೋದರತ್ತೆಯ ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ನೇಮದಲ್ಲಿ, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಗಂಧ, ಬೂಳ್ಯದ ಪ್ರಸಾದ ಪಡೆಯುತ್ತ ಅಳುತ್ತಿದ್ದಾಗ, ಅಪರಿಚಿತನೊಬ್ಬ ಅವಳ ಮುಖಕ್ಕೆ ಬೆಳಕು ಬಿಟ್ಟು ಚಿತ್ರೀಕರಿಸುತ್ತಿದ್ದ. ಮನೆಯ ಯಜಮಾನರು ಅವನ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದುಕೊಂಡು ಹೋದರು, ಬೈಯಲಿಲ್ಲ. ಆತನಿಗೆ ತಾನು ಮಾಡಿದ್ದು ತಪ್ಪೆಂದು ಹೊಳೆದೇ ಇರಲಿಲ್ಲವಂತೆ. ಯಾರೂ ಹೇಳಿರಲಿಲ್ಲ ಎಂದನಂತೆ.

ಯಾರೂ ಹೇಳಿರಲಿಲ್ಲ ಎಂಬ ಈ ಮಾತನ್ನು ನಾನು ನಂಬುತ್ತೇನೆ. ತಪ್ಪಿನ ದೊಡ್ಡ ಪಾಲು ಇಲ್ಲಿಯವರಾದ ನಮ್ಮದೇ. ಬೆಂಗಳೂರಿನಿಂದ, ಮುಂಬಯಿಯಿಂದ ಬಂದ ನೆಂಟರನ್ನು ಕಾರಿನಲ್ಲಿ ಕೂರಿಸಿ, ಬೆಳಿಗ್ಗೆ ಮಠ, ಹನ್ನೊಂದಕ್ಕೆ ಕಡಲು, ಮಧ್ಯಾಹ್ನ ಊಟ, ಸಂಜೆ ಮಾಲ್ ಎಂದು ತಿರುಗಿಸುವವರು ನಾವೇ ಅಲ್ಲವೇ? ‘ಇಲ್ಲಿ ಇಪ್ಪತ್ತು ನಿಮಿಷ ಸಾಕು’ ಎಂದು ಹೇಳುವವರೂ ನಾವೇ. ಮಲ್ಪೆಗೆ ಹೋದವರಿಗೆ ಕಡಲಿನ ಪಕ್ಕದಲ್ಲಿಯೇ ವಡಭಾಂಡೇಶ್ವರದ ಬಲರಾಮ ಇದ್ದಾನೆ, ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ಪಾರು ಮಾಡಿದಾಗ ಗೋಪೀಚಂದನದ ಗಡ್ಡೆಯಲ್ಲಿ ಕೃಷ್ಣನೊಡನೆ ದೊರೆತವನು ಎಂಬ ನಂಬಿಕೆಯಿದೆ ಎಂದು ನಾವು ಹೇಳುವುದಿಲ್ಲ. ಅವರು ಕಡಲಿನಲ್ಲಿ ಆಡಿ, ಒದ್ದೆ ಚಡ್ಡಿಯಲ್ಲಿ, ಮರಳು ಮೆತ್ತಿದ ಕಾಲಿನಲ್ಲಿ ನೇರವಾಗಿ ಗುಡಿಯ ಅಂಗಳಕ್ಕೆ ಬಂದಾಗ ಮಾತ್ರ ಮುಖ ಸಿಂಡರಿಸುತ್ತೇವೆ.

ಈಚೆಗೆ ನಮ್ಮ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇವೆ. ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗಲೇ ಮರುದಿನ ಹೋಗುವ ಸ್ಥಳದ ಕಥೆಯನ್ನು ಮಕ್ಕಳಿಗೆ ಹೇಳುತ್ತೇನೆ. ಬೆಳಿಗ್ಗೆ ಸ್ನಾನ ಮಾಡಿ, ಮೊಬೈಲುಗಳನ್ನು ಮನೆಯಲ್ಲಿಯೇ ಬಿಟ್ಟು ನಡೆದೇ ಹೋಗುತ್ತೇವೆ. ಸಂಪ್ರದಾಯದಂತೆ ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಕೊನೆಗೆ ಕೃಷ್ಣ. ಈ ಮೂರರ ನಡುವಿನ ದೂರ ಕೆಲವೇ ಹೆಜ್ಜೆಗಳದ್ದು, ಆದರೆ ಆ ಕ್ರಮದಲ್ಲಿ ನಡೆದಾಗ ಮನಸ್ಸು ತಾನಾಗಿಯೇ ನಿಧಾನವಾಗುತ್ತದೆ. ದರ್ಶನವಾದ ಮೇಲೆ ಸರೋವರದ ಬಳಿ ಸ್ವಲ್ಪ ಹೊತ್ತು ಕೂರುವುದು, ಮಧ್ಯಾಹ್ನ ಅಲ್ಲಿಯೇ ಪಂಕ್ತಿಯಲ್ಲಿ ಕುಳಿತು ಪ್ರಸಾದದ ಊಟ ಮಾಡುವುದು. ಅನ್ನಬ್ರಹ್ಮನ ಕ್ಷೇತ್ರಕ್ಕೆ ಬಂದು ಊಟ ಮಾಡದೆ ಹೋಗುವುದು ನನ್ನ ಮಟ್ಟಿಗೆ ಅರ್ಧ ದರ್ಶನ. ಸಂಜೆ ಕಡಲಿಗೆ ಹೋಗುತ್ತೇವೆ, ಮಕ್ಕಳು ಮನಸಾರೆ ಆಡುತ್ತಾರೆ; ಆದರೆ ಮೊದಲು ವಡಭಾಂಡೇಶ್ವರ, ಆಮೇಲೆ ನೀರು. ಕಳೆದ ರಜೆಯಲ್ಲಿ ಬಂದಿದ್ದ ತಂಗಿಯ ಮೊಮ್ಮಗ, ಎಂಟು ವರ್ಷದವನು, ನವಗ್ರಹ ಕಿಂಡಿಯ ಮುಂದೆ ಎತ್ತಿ ಹಿಡಿದಾಗ ‘ಏನೂ ಇಲ್ಲ ಅಜ್ಜಿ’ ಎಂದ. ಇನ್ನೂ ಸ್ವಲ್ಪ ನೋಡು ಎಂದೆ. ಸಾಲಿನಲ್ಲಿ ಹಿಂದಿದ್ದವರು ಒಳ್ಳೆಯವರು, ಕಾದರು. ‘ಅಜ್ಜಿ, ಕಡಗೋಲು ಕಾಣ್ತು’ ಎಂದು ಅವನು ಕಿರುಚಿದಾಗ ಪಕ್ಕದಲ್ಲಿದ್ದ ಅರ್ಚಕರೂ ನಕ್ಕರು.

ಚಿತ್ರ ತೆಗೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮಂಡಿನೋವಿನಿಂದ ಮೆಟ್ಟಿಲು ಇಳಿಯಲಾರದ ನನ್ನ ತಾಯಿ ರಥೋತ್ಸವವನ್ನು ಮೊಬೈಲಿನಲ್ಲಿ ಕಂಡು ಕೈ ಮುಗಿಯುತ್ತಿದ್ದರು. ರಥಬೀದಿಯಲ್ಲಿ ರಥದ ಚಿತ್ರ ತೆಗೆಯಿರಿ, ಕೃಷ್ಣ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಮೆರವಣಿಗೆಯ ಚಿತ್ರ ತೆಗೆಯಿರಿ, ಯಾರ ಅಡ್ಡಿಯೂ ಇಲ್ಲ. ಪ್ರವಾಸಿಗರಿಂದ ಹೂವಿನವರಿಗೆ, ರಿಕ್ಷಾದವರಿಗೆ, ಹೋಟೆಲಿನವರಿಗೆ ಹೊಟ್ಟೆಪಾಡು ನಡೆಯುತ್ತದೆ ಎಂಬುದೂ ಗೊತ್ತಿದೆ. ಬರುವವರು ಕಡಿಮೆಯಾಗಲಿ ಎಂಬ ಆಸೆ ನನಗಿಲ್ಲ. ಉಡುಗೆಯ ವಿಷಯದಲ್ಲಿ ಹೆಣ್ಣುಮಕ್ಕಳನ್ನು ನಿಲ್ಲಿಸಿ ಗದರಿಸುವವರ ಜೊತೆಗೂ ನಾನಿಲ್ಲ. ಮೊದಲೇ ತಿಳಿಸಿದರೆ ಯಾರೂ ಬೇಕೆಂದು ಅವಮಾನ ಮಾಡುವುದಿಲ್ಲ. ಬಂದ ಮೇಲೆ ನಾಲ್ಕು ಜನರೆದುರು ಬೈಸಿಕೊಂಡವರು ಮತ್ತೆ ಆ ಸ್ಥಳದ ಕಡೆಗೆ ತಲೆ ಹಾಕುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನದೊಂದು ವಿನಂತಿಯಿದೆ. ಮುಂದಿನ ರಜೆಯ ಪ್ರವಾಸದ ಪುಟದಲ್ಲಿ ದೇವಸ್ಥಾನ, ಬಸದಿ, ಇಗರ್ಜಿ, ಮಸೀದಿ, ದೈವಸ್ಥಾನಗಳನ್ನು ಕಡಲತೀರ ಮತ್ತು ಮೃಗಾಲಯಗಳ ಪಟ್ಟಿಯಿಂದ ಬೇರ್ಪಡಿಸಿ, ಪ್ರತಿಯೊಂದರ ಕೆಳಗೆ ದೂರ ಮತ್ತು ಪಾರ್ಕಿಂಗ್ ವಿವರದ ಜೊತೆಗೆ ನಾಲ್ಕು ಸಾಲು ಸೇರಿಸಿ: ಪೂಜೆಯ ಅಥವಾ ಪ್ರಾರ್ಥನೆಯ ಹೊತ್ತು, ಒಳಗೆ ಹೋಗುವ ಕ್ರಮ, ಮೊಬೈಲು ಬಳಸಬಾರದ ಜಾಗ, ಆ ಸ್ಥಳದವರು ಬಂದವರಿಂದ ಏನನ್ನು ಬಯಸುತ್ತಾರೆ ಎಂಬ ಮಾತು. ಆಯಾ ಸ್ಥಳದ ಅರ್ಚಕರನ್ನು, ಧರ್ಮಗುರುಗಳನ್ನು, ದೈವಸ್ಥಾನದ ಹಿರಿಯರಾದ ಗುರಿಕಾರರನ್ನು ಕೇಳಿ ಬರೆಸಿದರೆ ತಪ್ಪಿರದು. ಅಂಥ ಪುಟ ಬಂದರೆ ಅದನ್ನು ಕತ್ತರಿಸಿ, ನಮ್ಮ ಮನೆಗೆ ಬರುವ ನೆಂಟರಿಗೆ ಕೊಡಲು ಊಟದ ಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿ ಇಡುತ್ತೇನೆ.

ಇತಿ,
ತಮ್ಮ ಬಹುಕಾಲದ ಓದುಗಳು,
ನಿವೃತ್ತ ಕನ್ನಡ ಶಿಕ್ಷಕಿ, ಉಡುಪಿ